ಮೂರು ಚೀಟಿ, ಒಂದೇ ಜೀನ್: ನೊಣದ ಕೋಣೆಯ ಪಟ್ಟಿ ರಿಪೇರಿ ಮಾಡಿದ ಲೆಕ್ಕ

ಎಂಎಸ್ಸಿ ಓದುವ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟಿನ ಕ್ರಾಸ್‌ಗಳನ್ನು (ಯಾವ ನೊಣವನ್ನು ಯಾವುದರ ಜೊತೆ ಕೂಡಿಸುವುದು ಎಂಬುದನ್ನು) ಬರೆದುಕೊಂಡು ಸಹಿಗೆಂದು ನನ್ನ ಮೇಜಿಗೆ ಬಂದಳು. ನಮ್ಮ ಹಣ್ಣುನೊಣದ ಪಟ್ಟಿಯಿಂದ ಎರಡು ಸ್ಟಾಕ್, ಅಂದರೆ ಬೇರೆಯಾಗಿ ಸಾಕಿಕೊಂಡು ಬಂದ ತಳಿ, ಆರಿಸಿದ್ದಳು. ಒಂದು ‘ಎಸ್‌ಟಿಎಂಎ ಟಿಎಸ್’, ಇನ್ನೊಂದು ‘ಆರ್‌ಬಿಒ ಟಿಎಸ್’. ಎರಡೂ ಬಿಸಿಗೆ ಲಕ್ವ ಹೊಡೆದಂತೆ ಬೀಳುವ ನೊಣಗಳು. ಎರಡನ್ನೂ ಕೂಡಿಸಿ, ಮರಿಗಳೂ ಬಿಸಿಗೆ ಬಿದ್ದರೆ ಈ ಎರಡು ಜೀನ್‌ಗಳು ಒಂದೇ ಕೆಲಸದಲ್ಲಿ ಕೈಜೋಡಿಸುತ್ತವೆ ಎಂದು ತೋರಿಸಬಹುದು ಅನ್ನುವುದು ಅವಳ ಯೋಚನೆ. ಯೋಚನೆ ಅಚ್ಚುಕಟ್ಟಾಗಿಯೇ ಇತ್ತು. ತೊಂದರೆ ಇದ್ದದ್ದು ನಮ್ಮ ಪಟ್ಟಿಯಲ್ಲಿ.

ಪಕ್ಕದಲ್ಲೇ ವಯಲ್ ತೊಳೆದ ಟ್ರೇ ಜೋಡಿಸುತ್ತಿದ್ದ ನಮ್ಮ ಲ್ಯಾಬಿನ ಅಣ್ಣ (ಇಪ್ಪತ್ತು ವರ್ಷದಿಂದ ಈ ನೊಣಗಳನ್ನು ಸಾಕುತ್ತಿರುವವರು, ನಮಗೆಲ್ಲ ಅವರು ಅಣ್ಣನೇ) ತಲೆಯೆತ್ತಿ, “ಮೇಡಂ, ಪ್ರಾಕ್ಟಿಕಲ್‌ಗೆ ಬಿಸಿನೀರಿಗಿಟ್ಟಾಗ ಆ ಎರಡು ವಯಲ್ ಥೇಟ್ ಒಂದೇ ಥರ ಬೀಳ್ತವೆ. ಒಂದೇ ಊರಿನವು ಇರಬೇಕು ನೋಡಿ” ಅಂದರು.

ಹಣ್ಣುನೊಣದ ಜೀನ್‌ಗಳ ಡೇಟಾಬೇಸಾದ ಫ್ಲೈಬೇಸ್ ತೆರೆದು ಹುಡುಕಿದೆ. ಎರಡು ನಿಮಿಷ ಹಿಡಿಯಲಿಲ್ಲ. ಎಸ್‌ಟಿಎಂಎ, ಆರ್‌ಬಿಒ ಎರಡೂ ಒಂದೇ ಜೀನ್. ನಮ್ಮಲ್ಲಿ ‘ಸಿಜಿ 8739 ಆರ್‌ಎನ್‌ಎಐ’ (ಆರ್‌ಎನ್‌ಎಐ ಅಂದರೆ ಜೀನಿನ ಬಾಯಿ ಮುಚ್ಚಿಸುವ ವಿಧಾನ) ಅಂತ ಇನ್ನೊಂದು ಸಾಲಿತ್ತು, ಅದೂ ಅದೇ ಜೀನಿನದು. ಎಸ್‌ಟಿಎಂಎ ಅಂದರೆ ‘ಸ್ತಂಭ ಎ’. ಭಾರತದ ವಿಜ್ಞಾನಿಗಳು ಗುರುತಿಸಿದ ಮ್ಯುಟೆಂಟ್ (ಜೀನ್ ಬದಲಾದ ನೊಣ) ಅದು, ಬಿಸಿ ತಾಗಿದರೆ ನೊಣ ಸ್ತಂಭಿಸಿಬಿಡುತ್ತದೆ ಎಂದು ನಮ್ಮದೇ ಮಾತಿನ ಹೆಸರಿಟ್ಟರು. ಬೇರೊಂದು ಗುಂಪು ಬೇರೆ ದಾರಿಯಲ್ಲಿ ಅದೇ ಜೀನ್ ತಲುಪಿ ‘ರೋಲಿಂಗ್ ಬ್ಲ್ಯಾಕ್‌ಔಟ್’ ಅಂದಿತು. ಮತ್ತೆಲ್ಲೋ ಅದು ‘ಸಿಎಂಪಿ 44ಇ’, ಅಂದರೆ ಕ್ರೋಮೋಸೋಮಿನ 44ಇ ಜಾಗದಲ್ಲಿರುವ, ಹಲವು ಜೀವಿಗಳಲ್ಲಿ ಹೆಚ್ಚು ಬದಲಾಗದೆ ಉಳಿದುಬಂದ (ಕನ್ಸರ್ವ್ಡ್) ಪೊರೆಯ ಪ್ರೋಟೀನು. ಜೀನೋಮ್ ಓದಿದಾಗ ಕಂಪ್ಯೂಟರ್ ಗುರುತಿಸಿ ಕೊಟ್ಟ ನಂಬರು ಸಿಜಿ 8739. ನಮ್ಮ ಪಟ್ಟಿಯಲ್ಲಿ ಇವಕ್ಕೆ ಮೂರು ಸಾಲು, ‘ಕೆಲಸ’ ಅನ್ನುವ ಕಾಲಮ್ಮಿನಲ್ಲಿ ಮೂರು ಬೇರೆ ಬೇರೆ ವಿವರಣೆ.

ಆ ಕ್ರಾಸ್ ಹಾಕಿದ್ದರೆ ಮರಿಗಳು ಖಂಡಿತ ಬೀಳುತ್ತಿದ್ದವು. ಒಂದೇ ಜೀನಿನ ಎರಡು ಕೆಟ್ಟ ಪ್ರತಿಗಳು ಒಂದನ್ನೊಂದು ಸರಿಮಾಡಲಾರವು, ಅಷ್ಟೇ ಅದರ ಅರ್ಥ. ಅವಳು ಅದನ್ನು ಎರಡು ಜೀನ್‌ಗಳ ಸಂಬಂಧ ಎಂದು ಬರೆದು ಥೀಸಿಸ್ ಕೊಡುತ್ತಿದ್ದಳು. ನಾನು ಸಹಿ ಹಾಕುತ್ತಿದ್ದೆ. ಅವತ್ತೇ ಪಟ್ಟಿ ಪೂರ್ತಿ ರಿಪೇರಿ ಮಾಡಬೇಕೆಂದು ನಿರ್ಧರಿಸಿದೆ. ಇದು ಆ ಐದು ವಾರದ ಲೆಕ್ಕ.

ಕೈಯಲ್ಲಿ ಇದ್ದದ್ದು

412 ಸ್ಟಾಕ್, ಪ್ರತಿಯೊಂದಕ್ಕೂ ಎರಡು ವಯಲ್, 18 ಡಿಗ್ರಿಯ ಇನ್‌ಕ್ಯುಬೇಟರ್. ಗೋಧಿ ರವೆ, ಬೆಲ್ಲ, ಅಗರ್ ಕುದಿಸಿ ಪ್ರೊಪಿಯೋನಿಕ್ ಆಮ್ಲ ಹಾಕಿದ ಆಹಾರ, ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲಾ ಸ್ಟಾಕ್ ಸೆಂಟರಿನ ಕಡೆಯಿಂದ ಬಂದ ಪದ್ಧತಿ. ತಿಂಗಳಿಗೊಮ್ಮೆ ಎಲ್ಲವನ್ನೂ ಹೊಸ ವಯಲ್ಲಿಗೆ ತಟ್ಟಬೇಕು. ಹುಳುವಿನ ಮೇಲೆ ಕೆಲಸ ಮಾಡುವವರು ತಮ್ಮ ಸಿ. ಎಲಿಗನ್ಸನ್ನು ಫ್ರೀಜ್ ಮಾಡಿಟ್ಟು ವರ್ಷಗಳ ಮೇಲೆ ಎಬ್ಬಿಸಬಲ್ಲರು. ನೊಣದಲ್ಲಿ ಆ ಅನುಕೂಲ ದಿನಬಳಕೆಗೆ ಬಂದಿಲ್ಲ. ಜೀವಂತ ಸಾಕಬೇಕು, ಕೈಯಿಂದ ಕೈಗೆ ದಾಟಿಸಬೇಕು. ಪ್ರತಿ ಸಲ ವಯಲ್ ಬದಲಿಸುವಾಗಲೂ ಚೀಟಿಯನ್ನು ಯಾರೋ ಮತ್ತೆ ಬರೆಯುತ್ತಾರೆ. ಹಾಗೆ ಬರೆಯುತ್ತ ಬರೆಯುತ್ತ ಒಂದು ಬ್ರಾಕೆಟ್ ಬಿದ್ದುಹೋಗುತ್ತದೆ, ಒಂದು ದೊಡ್ಡಕ್ಷರ ಸಣ್ಣದಾಗುತ್ತದೆ.

ಪಟ್ಟಿ ಅಂದರೆ ಒಂದು ಸ್ಪ್ರೆಡ್‌ಶೀಟ್. ಹಲವು ಬ್ಯಾಚಿನ ವಿದ್ಯಾರ್ಥಿಗಳು ಸೇರಿಸುತ್ತ ಬಂದದ್ದು. ಕಾಲಮ್ಮುಗಳು: ನಮ್ಮ ನಂಬರು, ಜೀನಿನ ಹೆಸರು, ಅದರ ಕೆಲಸ, ಜೀನೋಟೈಪ್ (ನೊಣದೊಳಗಿನ ಜೀನ್‌ಗಳ ವಿವರ), ಕ್ರೋಮೋಸೋಮಿನ ಮೇಲಿನ ಜಾಗ, ಎಲ್ಲಿಂದ ಬಂತು.

ಫ್ಲೈಬೇಸ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣುನೊಣದ ಜೀನ್, ಅಲೀಲ್ (ಒಂದೇ ಜೀನಿನ ಬೇರೆ ಬೇರೆ ರೂಪ), ಸ್ಟಾಕ್, ಪ್ರಬಂಧ ಎಲ್ಲವನ್ನೂ ಒಂದಕ್ಕೊಂದು ಹೆಣೆದಿಟ್ಟಿರುವ ಡೇಟಾಬೇಸ್ ಅದು. 1992ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ನೊಣದವರು 1934ರಿಂದ ‘ಡ್ರೊಸೊಫಿಲಾ ಇನ್‌ಫರ್ಮೇಶನ್ ಸರ್ವಿಸ್’ ಎಂಬ ಸುದ್ದಿಪತ್ರದ ಮೂಲಕ ಮ್ಯುಟೆಂಟ್‌ಗಳ ಪಟ್ಟಿ ಹಂಚಿಕೊಳ್ಳುತ್ತಿದ್ದರು, ಆ ಹಂಚಿಕೊಳ್ಳುವ ಗುಣವೇ ಮುಂದೆ ಡೇಟಾಬೇಸಾಗಿ ಬೆಳೆಯಿತು. ಹಾರ್ವರ್ಡ್, ಕೇಂಬ್ರಿಜ್, ಇಂಡಿಯಾನಾ ವಿಶ್ವವಿದ್ಯಾಲಯಗಳ ಜನ ಕೂತು ಪ್ರಬಂಧಗಳನ್ನು ಒಂದೊಂದಾಗಿ ಓದಿ, ಯಾವ ಹೆಸರು ಯಾವ ಜೀನಿಗೆ ಸೇರುತ್ತದೆ ಎಂದು ಕೈಯಾರೆ ಬರೆದಿಟ್ಟ ಕೆಲಸ. ಹುಳುವಿಗೆ ವರ್ಮ್‌ಬೇಸ್, ಯೀಸ್ಟಿಗೆ ಎಸ್‌ಜಿಡಿ, ಜೀಬ್ರಾಮೀನಿಗೆ ಜಡ್‌ಫಿನ್, ಇಲಿಗೆ ಎಂಜಿಐ ಇವೆ. 2016ರಲ್ಲಿ ಇವೆಲ್ಲ ‘ಅಲಯನ್ಸ್ ಆಫ್ ಜೀನೋಮ್ ರಿಸೋರ್ಸಸ್’ ಎಂಬ ಒಂದೇ ಸೂರಿನಡಿ ಬಂದವು.

ಮೊದಲ ವಾರ: ಇಳಿಸಿಕೊಂಡದ್ದು

ವೆಬ್‌ಸೈಟಿನಲ್ಲಿ ಒಂದೊಂದೇ ಹೆಸರು ಹಾಕಿ ಹುಡುಕಬಹುದಿತ್ತು. ಅಲ್ಲಿ ಐಡಿ ವ್ಯಾಲಿಡೇಟರ್ ಎಂಬ ಸಲಕರಣೆಯೂ ಇದೆ, ಪಟ್ಟಿ ಅಂಟಿಸಿದರೆ ಯಾವುದು ಹಳೆಯದು, ಯಾವುದು ಈಗಿನದು ಎಂದು ಹೇಳುತ್ತದೆ. ಆದರೆ ನನಗೆ ಲ್ಯಾಬಿನ ಕಂಪ್ಯೂಟರಿನಲ್ಲೇ ಒಂದು ಪ್ರತಿ ಬೇಕಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ಹಾರ್ವರ್ಡ್‌ನ ಸಂಶೋಧನಾ ಅನುದಾನಗಳನ್ನು ರದ್ದು ಮಾಡಿದಾಗ ಫ್ಲೈಬೇಸಿನ ಅನುದಾನವೂ ಅದರೊಳಗೆ ಸೇರಿತ್ತು. ಆ ಸುದ್ದಿ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾವು ಇಲ್ಲಿ ಕೂತು ದಿನಕ್ಕೆ ಹತ್ತು ಸಲ ತೆರೆಯುವ ಪುಟದ ಹಿಂದೆ ಸಂಬಳ ತೆಗೆದುಕೊಳ್ಳುವ ಮನುಷ್ಯರಿದ್ದಾರೆ ಎಂಬುದನ್ನು ಅಲ್ಲಿಯವರೆಗೆ ಗಟ್ಟಿಯಾಗಿ ಯೋಚಿಸಿರಲಿಲ್ಲ.

ಇಳಿಸಿದ್ದು ಮೂರು ಫೈಲು. ಜೀನ್ ನಂಬರು ಮತ್ತು ಸಿಜಿ ನಂಬರುಗಳ ಫೈಲು, ಪರ್ಯಾಯ ಹೆಸರುಗಳ ಫೈಲು, ಸ್ಟಾಕ್‌ಗಳ ಫೈಲು. ಮೂರೂ ಸಾದಾ ಪಠ್ಯ, ಟ್ಯಾಬ್‌ನಿಂದ ಬೇರ್ಪಟ್ಟ ಕಾಲಮ್ಮುಗಳು. ಫೈಲಿನ ಹೆಸರಿನಲ್ಲೇ ವರ್ಷ ಮತ್ತು ಬಿಡುಗಡೆಯ ಸಂಖ್ಯೆ ಇರುತ್ತದೆ. ಅದನ್ನು ಅಳಿಸಬೇಡಿ. ‘ಹೊಸದು’, ‘ಫೈನಲ್’ ಎಂದು ಹೆಸರು ಬದಲಿಸಿಟ್ಟರೆ ಆರು ತಿಂಗಳ ನಂತರ ಯಾವ ಬಿಡುಗಡೆಯ ಮೇಲೆ ನಿರ್ಧಾರ ಮಾಡಿದಿರಿ ಎಂದು ನಿಮಗೇ ತಿಳಿಯದು.

ಇವನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ತುಂಬಿದೆ. ಪ್ರತಿ ಕಾಲಮ್ಮೂ ಪಠ್ಯವೇ, ಒಂದೂ ಸಂಖ್ಯೆಯಲ್ಲ. ಏಕೆಂದು ಎರಡನೇ ವಾರದಲ್ಲಿ ಬರುತ್ತದೆ. ನಮ್ಮ ಹಳೆಯ ಸ್ಪ್ರೆಡ್‌ಶೀಟನ್ನು ಮುಟ್ಟದೆ, ಓದಲು ಮಾತ್ರ ಬರುವಂತೆ ಬೀಗ ಹಾಕಿ ಪಕ್ಕಕ್ಕಿಟ್ಟೆ.

ನಂಬರುಗಳ ರೀತಿ ಹೀಗಿದೆ. ಜೀನಿಗೆ ಎಫ್‌ಬಿಜಿಎನ್, ಅಲೀಲಿಗೆ ಎಫ್‌ಬಿಎಎಲ್, ಸ್ಟಾಕಿಗೆ ಎಫ್‌ಬಿಎಸ್‌ಟಿ, ಮುಂದೆ ಏಳು ಅಂಕಿ. 1910ರಲ್ಲಿ ತಳಿವಿಜ್ಞಾನಿ ಮಾರ್ಗನ್ ಕಂಡ ಬಿಳಿಕಣ್ಣಿನ ‘ವೈಟ್’ ಜೀನ್ ಎಫ್‌ಬಿಜಿಎನ್ 0003996. ಜೀನಿನ ನಂಬರು ಬೇರೆ, ಅಲೀಲಿನದು ಬೇರೆ, ವಯಲ್ಲಿನಲ್ಲಿರುವ ಸ್ಟಾಕಿನದು ಬೇರೆ. ನಮ್ಮ ಮೂರು ಸ್ತಂಭ ವಯಲ್‌ಗಳು ಒಂದೇ ಜೀನ್, ಆದರೆ ಒಂದೇ ಸ್ಟಾಕ್ ಅಲ್ಲ. ‘ಡೂಪ್ಲಿಕೇಟ್’ ಎಂದು ಎರಡನ್ನು ಎಸೆದಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು.

ಎರಡನೇ ವಾರ: ಕಳೆದುಹೋದ ಜಾಗಗಳು

ನಮ್ಮ ಪಟ್ಟಿಯ ‘ಜೀನ್’ ಕಾಲಮ್ಮಿನಲ್ಲಿ ಎರಡು ತಾರೀಕುಗಳಿದ್ದವು. ಸೆಪ್ಟೆಂಬರ್ 1, ಸೆಪ್ಟೆಂಬರ್ 2. ಸೆಪ್ಟಿನ್ ಜೀನ್‌ಗಳಿಗೆ ಹಿಂದೆ ಬರೆಯುತ್ತಿದ್ದ ‘ಸೆಪ್ 1’, ‘ಸೆಪ್ 2’ ಎಂಬ ಸಂಕೇತಗಳನ್ನು ಸ್ಪ್ರೆಡ್‌ಶೀಟ್ ತಾರೀಕೆಂದು ತಿಳಿದು ಬದಲಿಸಿತ್ತು. ಈ ರೋಗ ಜಗತ್ತಿಗೇ ಗೊತ್ತಿರುವುದು. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಜೀನ್ ಪಟ್ಟಿಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಲಗತ್ತಿಸಿದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಸಿಕ್ಕಿತು. ಕಡೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರ ಹೊತ್ತಿಗೆ ಸೆಪ್ಟ್, ಮಾರ್ಚ್ ಎಂದು ಶುರುವಾಗುವ ಸಂಕೇತಗಳನ್ನೇ ಬದಲಿಸಿತು.

ತಾರೀಕು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದೆ ಕೊಂದದ್ದು ಜಾಗದ ಕಾಲಮ್ಮು. ನೊಣದ ಜೊಲ್ಲಿನ ಗ್ರಂಥಿಯ ದೈತ್ಯ ಕ್ರೋಮೋಸೋಮುಗಳನ್ನು ಬ್ರಿಜಸ್ ಎಂಬ ತಳಿವಿಜ್ಞಾನಿ 102 ಭಾಗ ಮಾಡಿದ. ಪ್ರತಿ ಭಾಗದಲ್ಲೂ ಎ ಇಂದ ಎಫ್‌ವರೆಗೆ ಆರು ಉಪಭಾಗ, ಅದರೊಳಗೆ ಪಟ್ಟೆಗಳಿಗೆ ನಂಬರು. ವೈಟ್ ಜೀನ್ 3ಬಿ6, ನಾಚ್ 3ಸಿ7. ಇವಕ್ಕೇನೂ ಆಗಿಲ್ಲ. ಆದರೆ ನಡುವೆ ‘ಇ’ ಬಂದರೆ? ಸ್ಪ್ರೆಡ್‌ಶೀಟಿಗೆ ‘ಇ’ ಅಂದರೆ ಹತ್ತರ ಘಾತ. 44ಇ3 ಎಂದು ಬರೆದರೆ ಅದು ನಲವತ್ತನಾಲ್ಕು ಸಾವಿರ. ನಮ್ಮ ಪಟ್ಟಿಯಲ್ಲಿ ಇ ಉಪಭಾಗದ ಒಂದೇ ಒಂದು ಪಟ್ಟೆಯೂ ಉಳಿದಿರಲಿಲ್ಲ, ಎಲ್ಲವೂ ಸಂಖ್ಯೆಗಳಾಗಿದ್ದವು.

ಹಿಂದಕ್ಕೆ ತಿರುಗಿಸಬಹುದಲ್ಲ ಎಂದು ಕೂತೆ. 44000 ಅಂದರೆ 44ಇ3 ಎಂದೇ ಇರಬೇಕು, ಏಕೆಂದರೆ 440ನೇ ಭಾಗ ಇಲ್ಲ. ಸರಿ. ಮುಂದಿನ ಸಾಲಿನಲ್ಲಿ 100 ಇತ್ತು. ಅದು 1ಇ2 ಇರಬಹುದು: ಒಂದು, ಹತ್ತರ ವರ್ಗ, ನೂರು. 10ಇ1 ಕೂಡ ಇರಬಹುದು: ಹತ್ತು ಹತ್ತಲ ನೂರು. ಎರಡೂ ಎಕ್ಸ್ ಕ್ರೋಮೋಸೋಮಿನ ಮೇಲೇ, ಆದರೆ ಒಂದು ತುದಿಯಲ್ಲಿ, ಇನ್ನೊಂದು ಮಧ್ಯದ ಹತ್ತಿರ. ಸಂಖ್ಯೆಯೊಳಗಿನಿಂದ ಇದನ್ನು ಬಿಡಿಸಲು ದಾರಿಯೇ ಇಲ್ಲ. ಮಾಹಿತಿ ಹೋಗಿಯೇ ಹೋಯಿತು. ಅರ್ಧ ದಿನ ಸೂತ್ರ ಬರೆದು, ಇದನ್ನು ಕಂಡಮೇಲೆ ಕೈಬಿಟ್ಟೆ.

ಉಳಿಸಿದ್ದು ವಯಲ್ಲಿನ ಮೇಲಿನ ಚೀಟಿ. ಅಣ್ಣ ಬರೆಯುವುದು ಪೆನ್ಸಿಲಿನಲ್ಲಿ, ಮರೆಯಾಗದಂತೆ ಒತ್ತಿ. ಇನ್‌ಕ್ಯುಬೇಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಅವರು ಓದುತ್ತ ಹೋದರು, ನಾನು ಪಠ್ಯದ ಫೈಲಿಗೆ ಬರೆದುಕೊಳ್ಳುತ್ತ ಹೋದೆ. ತಾರೀಕಾದ ಎರಡು, ಸಂಖ್ಯೆಯಾದ ನಾಲ್ಕು, ಒಟ್ಟು ಆರು ಸ್ಟಾಕ್‌ಗಳ ಗುರುತು ಆ ಪೆನ್ಸಿಲಿನಿಂದಲೇ ವಾಪಸ್ ಬಂತು. ಉಳಿದವುಗಳ ಜಾಗ ಜೀನ್ ನಂಬರಿನ ಮೂಲಕ ಫ್ಲೈಬೇಸಿನಿಂದ ತಾನಾಗಿ ಬಂತು.

ಮೂರನೇ ವಾರ: ದೊಡ್ಡಕ್ಷರ, ಸಣ್ಣಕ್ಷರ

ನೊಣದವರಲ್ಲಿ ಒಂದು ರೂಢಿ ಇದೆ. ಮೊದಲು ಕಂಡ ಮ್ಯುಟೆಂಟ್ ಪ್ರಬಲವಾಗಿದ್ದರೆ (ಒಂದೇ ಪ್ರತಿಯಿದ್ದರೂ ಲಕ್ಷಣ ಕಾಣಿಸಿದರೆ) ಹೆಸರು ದೊಡ್ಡಕ್ಷರದಿಂದ, ದುರ್ಬಲವಾಗಿದ್ದರೆ (ಎರಡು ಪ್ರತಿ ಬೇಕಾದರೆ) ಸಣ್ಣಕ್ಷರದಿಂದ. ಹಾಗಾಗಿ ‘ಡಾರ್ಸಲ್’ ಎಂಬ ಜೀನ್ ಸಣ್ಣ ಡಿ ಇರುವ ಡಿಎಲ್. ‘ಡೆಲ್ಟಾ’ ದೊಡ್ಡ ಡಿ ಇರುವ ಡಿಎಲ್. ಮೊದಲನೆಯದು ಭ್ರೂಣದ ಬೆನ್ನು ಹೊಟ್ಟೆ ಯಾವುದೆಂದು ನಿರ್ಧರಿಸುವಲ್ಲಿ ಕೆಲಸ ಮಾಡುತ್ತದೆ, ಎರಡನೆಯದು ಪಕ್ಕದ ಕೋಶಕ್ಕೆ ನಾಚ್ ಎಂಬ ಪ್ರೋಟೀನಿನ ಮೂಲಕ ಸುದ್ದಿ ಮುಟ್ಟಿಸುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಬಾಯಲ್ಲಿ ಹೇಳಿದರೂ ಒಂದೇ. “ಅಣ್ಣ, ಡಿಎಲ್ ವಯಲ್ ಕೊಡಿ” ಅಂದರೆ ಯಾವುದನ್ನು ಕೊಡಬೇಕು? ಅದಕ್ಕೇ ಅಣ್ಣ ಇವನ್ನು ‘ಕರ್ಲಿ ಡಿಎಲ್’, ‘ಮೊಂಡು ಕೂದಲ ಡಿಎಲ್’ ಎಂದು ಕರೆಯುತ್ತಿದ್ದರು. ನಾನು ಅದನ್ನು ಅವರ ಅಭ್ಯಾಸ ಎಂದಷ್ಟೇ ತಿಳಿದಿದ್ದೆ. ಆಮೇಲೆ ಅದೇ ಕೀಲಿಕೈ ಆಯಿತು.

ಸ್ಪ್ರೆಡ್‌ಶೀಟಿನ ಹುಡುಕುವ ಸೂತ್ರ ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ, ಮೊದಲು ಸಿಕ್ಕಿದ್ದನ್ನು ತಂದುಕೊಡುತ್ತದೆ. ಹಿಂದೆ ಯಾರೋ ಆ ಸೂತ್ರದಿಂದ ‘ಕೆಲಸ’ ಕಾಲಮ್ಮು ತುಂಬಿದ್ದರು. ಎಸ್‌ಕ್ಯೂಲೈಟ್‌ನಲ್ಲೂ ನಾನು ಮೊದಲು ‘ಲೈಕ್’ ಎಂಬ ಹೋಲಿಸುವ ಆಜ್ಞೆ ಬಳಸಿದೆ, ಅದೂ ಭೇದ ನೋಡುವುದಿಲ್ಲ. ಡಾರ್ಸಲ್‌ಗೆ ಡೆಲ್ಟಾದ ನಂಬರು ಬಂತು. ಸಮ ಚಿಹ್ನೆಯಿಂದ ಹೋಲಿಸಿದರೆ ಭೇದ ಉಳಿಯುತ್ತದೆ. ಬದಲಿಸಿದ ಮೇಲೆ ಡೆಲ್ಟಾ 0000463, ಡಾರ್ಸಲ್ 0260632 ಎಂದು ಬೇರೆಯಾದವು.

ತಪ್ಪು ಗೊತ್ತಾದದ್ದು ಬ್ಯಾಲೆನ್ಸರ್‌ನಿಂದ. ಹಾನಿಕರ ಮ್ಯುಟೇಶನ್ ಕೈತಪ್ಪಿ ಹೋಗದಂತೆ ಜೊತೆಗೆ ಒಂದು ತಿರುವುಮುರುವಾದ ಕ್ರೋಮೋಸೋಮ್ ಇಟ್ಟು ಸಾಕುತ್ತೇವೆ. ಎಫ್‌ಎಂ7 ಎಕ್ಸ್‌ಗೆ, ಸಿವೈಒ ಎರಡನೆಯದಕ್ಕೆ, ಟಿಎಂ3 ಮೂರನೆಯದಕ್ಕೆ. ಸಿವೈಒ ಇದ್ದರೆ ರೆಕ್ಕೆ ಮೇಲಕ್ಕೆ ಸುರುಳಿ. ಟಿಎಂ3 ಜೊತೆ ಸಾಮಾನ್ಯವಾಗಿ ಸ್ಟಬಲ್ ಗುರುತಿರುತ್ತದೆ, ಬೆನ್ನ ಮೇಲಿನ ಬಿರುಗೂದಲು ಕತ್ತರಿಸಿದಂತೆ ಮೋಟು. ಡಾರ್ಸಲ್ ಎರಡನೇ ಕ್ರೋಮೋಸೋಮಿನ ಜೀನ್, ಡೆಲ್ಟಾ ಮೂರನೆಯದು. ಸುರುಳಿ ರೆಕ್ಕೆಯ ಸಾಲಿಗೆ ಮೂರನೇ ಕ್ರೋಮೋಸೋಮಿನ ಜೀನ್ ಬಂದು ಕೂತರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಇದನ್ನೇ ನಿಯಮ ಮಾಡಿದೆ. ಹೆಸರು ಹೊಂದಿದರೆ ಸಾಲದು. ಫ್ಲೈಬೇಸ್ ಹೇಳುವ ಕ್ರೋಮೋಸೋಮೂ ಚೀಟಿಯ ಬ್ಯಾಲೆನ್ಸರೂ ಒಪ್ಪಬೇಕು. ಒಪ್ಪದ ಸಾಲು ಕೆಂಪು. ಈ ಒಂದು ಪರೀಕ್ಷೆ ಹಿಡಿದುಕೊಟ್ಟ ಒಳ್ಳೆಯ ಉದಾಹರಣೆ ‘ರಾಸ್’. ಕ್ಯಾನ್ಸರ್ ಓದಿದವರೆಲ್ಲ ಬಲ್ಲ ರಾಸ್ ಜೀನ್ ನೊಣದಲ್ಲಿ ರಾಸ್ 85ಡಿ, ಮೂರನೇ ಕ್ರೋಮೋಸೋಮಿನ ಮೇಲೆ. ಸಣ್ಣಕ್ಷರದ ಬರೀ ‘ರಾಸ್’ ಅಂದರೆ ರಾಸ್ಪ್‌ಬೆರಿ, ಎಕ್ಸ್ ಮೇಲಿರುವ ಕಣ್ಣಿನ ಬಣ್ಣದ ಜೀನ್. ನಮ್ಮ ಚೀಟಿಯಲ್ಲಿ ಸಣ್ಣಕ್ಷರದಲ್ಲೇ ರಾಸ್ ಎಂದಿತ್ತು, ಪಕ್ಕದಲ್ಲಿ ಟಿಎಂ3. ಪ್ರೋಗ್ರಾಮು ಯಾವ ಅನುಮಾನವೂ ಇಲ್ಲದೆ ರಾಸ್ಪ್‌ಬೆರಿ ಎಂದಿತು. ಟಿಎಂ3 ಇಲ್ಲದಿದ್ದರೆ ನಾನೂ ನಂಬುತ್ತಿದ್ದೆ.

ನಾಲ್ಕನೇ ವಾರ: ಹಳೆಯ ನಂಬರುಗಳು

ಹೆಸರು ಬೇಡ, ನಂಬರು ಬರೆದಿಟ್ಟರೆ ನಿಶ್ಚಿಂತೆ ಎಂದುಕೊಂಡವರಿಗೆ ಈ ವಾರ. ನಂಬರೂ ಬದಲಾಗುತ್ತದೆ. ರೆಕ್ಕೆಯಿಲ್ಲದ ನೊಣದಿಂದ ಹೆಸರು ಪಡೆದ ‘ವಿಂಗ್‌ಲೆಸ್’ ಹಿಂದೆ 0004009 ಇತ್ತು, ಈಗ 0284084. ಡಾರ್ಸಲ್ ಹಿಂದೆ 0000462. ಎರಡು ಜೀನ್ ಎಂದುಕೊಂಡದ್ದು ಒಂದೇ ಎಂದು ತಿಳಿದಾಗ ದಾಖಲೆಗಳು ಕೂಡುತ್ತವೆ. ಒಂದು ಎಂದುಕೊಂಡದ್ದು ಎರಡಾದಾಗ ಒಡೆಯುತ್ತವೆ. ಆದರೆ ಹೆಸರಿಗೂ ನಂಬರಿಗೂ ಇರುವ ವ್ಯತ್ಯಾಸ ಇಲ್ಲಿದೆ: ಹಳೆಯ ನಂಬರನ್ನು ಯಾರೂ ಇನ್ನೊಂದು ಜೀನಿಗೆ ಕೊಡುವುದಿಲ್ಲ. ಅದು ಹೊಸ ನಂಬರಿನ ಪಕ್ಕದಲ್ಲೇ ‘ದ್ವಿತೀಯಕ’ ಎಂಬ ಕಾಲಮ್ಮಿನಲ್ಲಿ ಉಳಿಯುತ್ತದೆ. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋದ ಹಾಗೆ.

ಆ ಕಾಲಮ್ಮಿನಲ್ಲಿ ಹಲವು ನಂಬರು ಅಲ್ಪವಿರಾಮ ಹಾಕಿ ಒಟ್ಟಿಗೆ ಇರುತ್ತವೆ. ಬಿಡಿಸಿ ಒಂದೊಂದು ಸಾಲಿಗೆ ಒಂದು ಮಾಡಿಕೊಳ್ಳಬೇಕು. ಒಂದೇ ಹಳೆಯ ನಂಬರು ಎರಡು ಹೊಸ ಜೀನಿನಡಿ ಬಂದರೆ ಪ್ರೋಗ್ರಾಮು ಆರಿಸಕೂಡದು, ಮನುಷ್ಯರಿಗೆ ಬಿಡಬೇಕು.

ಲೆಕ್ಕ ಹೀಗೆ ನಿಂತಿತು: ಈಗಿನ ಸಂಕೇತ ಅಥವಾ ಸಿಜಿ ನಂಬರಿನಿಂದ ನೇರ ಹೊಂದಿದ್ದು 338. ಪರ್ಯಾಯ ಹೆಸರಿನಿಂದ 41. ಹಳೆಯ ನಂಬರಿನಿಂದ 9. ಉಳಿದ 24ರಲ್ಲಿ ಆರಕ್ಕೆ ಪೆನ್ಸಿಲ್ ಚೀಟಿ ನೆರವಾಯಿತು. ಏಳು ಮೆಲನೊಗ್ಯಾಸ್ಟರ್ ಅಲ್ಲವೇ ಅಲ್ಲ, ಮೈಸೂರಿನ ಕಡೆಯಿಂದ ಬಂದ ನಾಸುಟಾ ಗುಂಪಿನ ನೊಣಗಳು. ಡ್ರೊಸೊಫಿಲಾ ನಾಸುಟಾ ಮತ್ತು ಅಲ್ಬೊಮಿಕಾನ್ಸ್ ಕೂಡಿ ಹೊಸ ಕ್ರೋಮೋಸೋಮ್ ತಳಿಗಳಾಗುವುದನ್ನು ಎಚ್. ಎ. ರಂಗನಾಥ್ ಮತ್ತು ಸಂಗಡಿಗರು ಮೈಸೂರು ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದರು. ಫ್ಲೈಬೇಸಿನ ಗಮನವೆಲ್ಲ ಮೆಲನೊಗ್ಯಾಸ್ಟರ್ ಮೇಲೆ, ಹಾಗಾಗಿ ಈ ಏಳಕ್ಕೆ ನಮ್ಮದೇ ನಂಬರು ಕೊಟ್ಟು, ಎಲ್ಲಿ ಯಾವಾಗ ಯಾರಿಂದ ಬಂತು ಎಂಬುದನ್ನು ಉದ್ದಕ್ಕೆ ಬರೆದಿಟ್ಟೆ. ಉಳಿದ ಹನ್ನೊಂದು ಇನ್ನೂ ಕೆಂಪು. ಅವನ್ನು ಕ್ರಾಸ್ ಹಾಕಿ, ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ನೋಡುವ ಪರೀಕ್ಷೆ) ಮಾಡಿಯೇ ಗುರುತಿಸಬೇಕು.

ಇನ್ನೊಂದು ಸಂಗತಿ ಬಿಡಲಾರೆ. ವಿಯೆನ್ನಾದ ಸ್ಟಾಕ್ ಸೆಂಟರಿನಿಂದ ತರಿಸಿದ ಕೆಲವು ಆರ್‌ಎನ್‌ಎಐ ಸ್ಟಾಕ್ ನಮ್ಮಲ್ಲಿವೆ, ‘ಕೆಕೆ’ ಸಂಗ್ರಹದವು. ಆ ಸಂಗ್ರಹದ ಕೆಲವು ಸ್ಟಾಕ್‌ಗಳಲ್ಲಿ ಡಿಎನ್‌ಎ ತುಣುಕು ಉದ್ದೇಶಿಸಿದ 30ಬಿ ಜಾಗದ ಜೊತೆಗೆ 40ಡಿಯಲ್ಲೂ ಸೇರಿಕೊಂಡಿರುತ್ತದೆ, ಅದೇ ಕಾರಣಕ್ಕೆ ಸುಳ್ಳು ಲಕ್ಷಣ ಕಾಣಿಸಬಹುದು ಎಂದು 2014ರಲ್ಲಿ ಪ್ರಕಟವಾಗಿದೆ. ಪಟ್ಟಿಯಲ್ಲಿ ಅವುಗಳ ಮುಂದೆ ‘40ಡಿ ನೋಡಿದೆಯಾ?’ ಎಂಬ ಕಾಲಮ್ಮು ಸೇರಿಸಿದ್ದೇನೆ. ಪಿಸಿಆರ್‌ನಿಂದ ತಿಳಿಯುವ ವಿಷಯ, ಒಂದು ದಿನದ ಕೆಲಸ.

ಐದನೇ ವಾರ: ಬಿಸಿನೀರು

ಡೇಟಾಬೇಸ್ ಹೇಳಿದ್ದನ್ನು ನೊಣದ ಬಾಯಲ್ಲೂ ಕೇಳಬೇಕಲ್ಲ. ಆ ಹುಡುಗಿ ತನ್ನ ಕ್ರಾಸನ್ನು ಹಾಕಿಯೇ ಹಾಕಿದಳು, ಆದರೆ ಈಗ ಕೇಳುವ ಪ್ರಶ್ನೆ ಬೇರೆ: ಇವೆರಡೂ ನಿಜವಾಗಿ ಒಂದೇ ಜೀನಿನವೇ? ವಾಟರ್ ಬಾತ್ 38 ಡಿಗ್ರಿಗೆ ಏರಿಸಿ, ಆಹಾರವಿಲ್ಲದ ನಾಲ್ಕು ಖಾಲಿ ವಯಲ್‌ಗಳಲ್ಲಿ ಹತ್ತು ಹತ್ತು ನೊಣ ಬಿಟ್ಟೆವು. ಸ್ತಂಭ, ಆರ್‌ಬಿಒ, ಇವೆರಡರ ಮರಿಗಳು, ಮತ್ತು ಹೋಲಿಕೆಗೆ ಮ್ಯುಟೇಶನ್ ಇಲ್ಲದ ಕೆಂಪು ಕಣ್ಣಿನವು. ಹತ್ತಿಯ ಬಿರಡೆಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಒತ್ತಬೇಕು, ಇಲ್ಲವಾದರೆ ನೊಣ ಮೇಲಿನ ತಣ್ಣನೆ ಗಾಜಿಗೆ ಹತ್ತಿ ಕೂರುತ್ತದೆ.

ಮೊದಲು ಓಡಾಟ ಜೋರಾಯಿತು. ಆಮೇಲೆ ಸ್ತಂಭದ ನೊಣಗಳ ಕಾಲು ನಡುಗಿ, ಗೋಡೆಯಿಂದ ಜಾರಿ, ತಳದಲ್ಲಿ ಬೆನ್ನಡಿಯಾಗಿ ಬಿದ್ದವು. ಆರ್‌ಬಿಒ ಹಾಗೆಯೇ. ಕೆಲವೇ ನಿಮಿಷದಲ್ಲಿ ಮರಿಗಳ ವಯಲ್ಲಿನಲ್ಲೂ ಹತ್ತಕ್ಕೆ ಹತ್ತು ಕೆಳಗಿದ್ದವು. ಕೆಂಪು ಕಣ್ಣಿನವು ಇನ್ನೂ ಗಾಜಿನ ಮೇಲೆ ನಡೆಯುತ್ತಿದ್ದವು. ವಯಲ್‌ಗಳನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು ನಾವು ಮೂವರೂ ಕಾದೆವು. ಒಂದು ಕಾಲು ಅಲುಗಿತು, ಇನ್ನೊಂದು ಮಗುಚಿಕೊಂಡಿತು, ಒಂದೊಂದಾಗಿ ಎದ್ದವು.

ಮೂರು ವಯಲ್‌ಗೂ ಹೊಸ ಚೀಟಿ ಮುದ್ರಿಸಿದೆ. ಮೇಲೆ ಜೀನಿನ ನಂಬರು, ಮೂರರಲ್ಲೂ ಒಂದೇ. ಅದರ ಕೆಳಗೆ ಅಲೀಲಿನದು, ಸ್ಟಾಕಿನದು, ಬೇರೆ ಬೇರೆ. ಕೊನೆಯ ಸಾಲಿನಲ್ಲಿ ಯಾವ ಬಿಡುಗಡೆ ನೋಡಿ ಬರೆದದ್ದು ಎಂಬ ಗುರುತು. ಅಣ್ಣ ಚೀಟಿ ಅಂಟಿಸಿ, ಪೆನ್ಸಿಲ್ ತೆಗೆದುಕೊಂಡು, ಮೂರರ ಮೇಲೂ ಕನ್ನಡದಲ್ಲಿ ‘ಸ್ತಂಭ’ ಎಂದು ಬರೆದು, ಟ್ರೇಯನ್ನು 18 ಡಿಗ್ರಿಗೆ ತಳ್ಳಿದರು.